ಎಲ್ಲಿ ಅಂತ ಮಾತ್ರ ಕೇಳಿ

ಕಾಡುಕೆರೆ ಪಾಳ್ಯ, ಜೀರಹಳ್ಳಿ ಹತ್ತಿರ,
ತಾಳವಾಡಿ ತಾಲೂಕು
12 ಜೂನ್ 2025

ಸಂಗೀತಮ್ಮನವರಿಗೆ ಟೈಲರ್ ಮಾದೇವಸ್ವಾಮಿಯ ನಮಸ್ಕಾರಗಳು.

ಈ ಮೂಲಕ ಸಮಸ್ತ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ನನ್ನ ಹೊಲಿಗೆ ಅಂಗಡಿಯ ಸ್ಟೂಲಿಗೆ ನಾಲ್ಕನೆಯ ಕಾಲು ಬಂದಿದೆ. ಹನ್ನೊಂದು ವರ್ಷ ಮೂರು ಕಾಲು ಮತ್ತು ಒಂದು ಇಟ್ಟಿಗೆಯ ಆಧಾರದಲ್ಲಿ ಆಳ್ವಿಕೆ ನಡೆಸಿದ ಸದರಿ ಸ್ಟೂಲು, ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಶುಭ ಮುಹೂರ್ತದಲ್ಲಿ, ಬಡಗಿಯ ಎರಡು ಮೊಳೆ ಹಾಗೂ ಊರಿನವರ ನಲವತ್ತು ಸಲಹೆಗಳ ಸಹಾಯದಿಂದ ಸ್ವಂತ ಕಾಲಿನ ಮೇಲೆ ನಿಂತಿತು. ಇಟ್ಟಿಗೆಯನ್ನು ಗೌರವಪೂರ್ವಕವಾಗಿ ನಿವೃತ್ತಿಗೊಳಿಸಲಾಗಿದೆ.

ಇಂಥ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಗ ಫೋನು ಮಾಡಿದರೆ ನಿಮ್ಮ ದನಿ ಸಿಗುತ್ತದೆ, ನೀವು ಸಿಗುವುದಿಲ್ಲ. ಅದಕ್ಕೇ ನೀವು ಪ್ರತಿ ಸಂಕ್ರಾಂತಿಗೆ ಕಳಿಸುತ್ತಿದ್ದ ಕಾರ್ಡು ಹುಡುಕಿ, ಅದರ ಹಿಂದಿದ್ದ ಚಾಮರಾಜನಗರದ ವಿಳಾಸಕ್ಕೆ, ಆ ಹಿಟ್ಟಿನ ಗಿರಣಿಯ ಮಹಡಿಗೆ ಬರೆಯುತ್ತಿದ್ದೇನೆ. ಕೆಳಗೆ ಗಿರಣಿ, ಮೇಲೆ ನೀವು ನಾಲ್ಕು ಜನ. ಫೋನಿನಲ್ಲಿ ನಿಮ್ಮ ಮಾತಿನ ಹಿಂದೆ ಸದಾ ರಾಗಿ ಬೀಸುವ ಸದ್ದು. ಈಗ ಆ ಸದ್ದೂ ಇಲ್ಲ.

ನಿಮ್ಮ ‘ಒಸಿ ತಾಳಿ’ ಎಚ್ಚರಿಕೆ ಫೋನನ್ನು ಎದುರಾಳಿ ಕಂಪನಿಯವರು ಕೊಂಡುಕೊಂಡರಂತೆ. ಹಾಲಿನ ವ್ಯಾನಿನ ಮುರುಗನ್ ದಿಂಬಂ ಟೀ ಅಂಗಡಿಯಲ್ಲಿ ಪೇಪರ್ ಓದಿ ಬಂದು ಹೇಳಿದ. ಯಾವ ಕಂಪನಿ ಪಕ್ಕದೂರಿನಲ್ಲಿ ಸೈರನ್ ಕಂಬ ನೆಟ್ಟಿತ್ತೋ, ಯಾವ ಕಂಬ ಎಮ್ಮೆಗೆಲ್ಲ ಕೂಗಿ ಕೂಗಿ ಕೊನೆಗೆ ಯಾರನ್ನು ಕಂಡು ಕೂಗಬೇಕಿತ್ತೋ ಅವರೇ ಬಂದು ಕಿತ್ತೆಸೆಯುವಾಗ ಮಾತ್ರ ಸುಮ್ಮನಿತ್ತೋ, ಅದೇ ಕಂಪನಿ. ನಾವು ಅವರನ್ನು ನೋಡಿ ಮೂರು ವರ್ಷ ನಕ್ಕೆವು. ಈಗ ಅವರೇ ನಮ್ಮ ಯಜಮಾನರು. ಎದುರಂಗಡಿಯವನ ಕೈಲಿ ಅಂಗಿ ಹೊಲಿಸೆನು ಎಂದು ಶಪಥ ಮಾಡಿದವನಿಗೆ, ಬೆಳಿಗ್ಗೆ ಎದ್ದು ನೋಡಿದರೆ ಎದುರಂಗಡಿಯವನೇ ನಮ್ಮ ಅಂಗಡಿಯಲ್ಲಿ ಟೇಪು ಹಿಡಿದು ನಿಂತ ಹಾಗಾಯಿತು.

ಊರಿನ ಪ್ರತಿಕ್ರಿಯೆ ಬಹಳ ಗಂಭೀರವಾಗಿದೆ. ದನ ಮೇಯಿಸುವ ದೊಡ್ಡಮಾದಮ್ಮಜ್ಜಿ ನನ್ನ ಹೊಸ ಸ್ಟೂಲಿನ ಮೇಲೆ ಕುಳಿತು ಕೇಳಿತು: “ಕಂಪ್ನಿ ಮಾರುದ್ರು ಅಂತೀಯೆ, ಸರಿ. ಆ ಉಡುಗೀನೂ ಮಾರ್ಬುಟ್ರಾ?”

ಅಜ್ಜಿಗೆ ಹಾಗನ್ನಿಸಲು ಕಾರಣವಿದೆ. ಮೂರು ವರ್ಷದಿಂದ ನಾವು ಫೋನು ಮಾಡಿದರೆ ನೀವು ಒಂದೇ ಮಾತು ಕೇಳುತ್ತಿದ್ದಿರಿ, “ಎಲ್ಲಿ?” ನಾವು “ಕೆರೆ ಏರಿ” ಎನ್ನುತ್ತಿದ್ದೆವು, ಇಲ್ಲವೇ “ಬಿದಿರು ಮೆಳೆ”. ಎರಡು ನಿಮಿಷದಲ್ಲಿ ಊರಿನ ಫೋನುಗಳೆಲ್ಲ ಕೂಗುತ್ತಿದ್ದವು: “ಒಸಿ ತಾಳಿ. ಕೆರೆ ಏರಿ.” ಈಗ ಅದೇ ದನಿ, “ಬೀಪ್ ಆದ ಮೇಲೆ ಪ್ರಾಣಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ” ಎನ್ನುತ್ತದೆ. ಇದು ಸಂಗೀತ ಅಲ್ಲ, ಸಂಗೀತಳ ದನಿ ಹಾಕಿಕೊಂಡ ಬೇರೆ ಯಾರೋ ಎಂದು ನನ್ನ ತಂಗಿ ರಂಗಿ ಹೇಳುತ್ತಾಳೆ.

ರಂಗಿ ನಿಮಗೆ ಗೊತ್ತಲ್ಲ. ಶಾಲೆಯ ಸತ್ತುಣವು, ಅಂದರೆ ಮಧ್ಯಾಹ್ನದ ಬಿಸಿಯೂಟದ ಒಲೆ ಹಚ್ಚುವವಳು, ಬೆಳಗಿನ ಮೊದಲ ಕಾಲುನಡೆ ಅವಳದೇ. ಕೆರೆ ಏರಿ ದಾಟಿ ಎರಡು ಕಿಲೋಮೀಟರ್ ಪೊದೆ ದಾರಿ. ಅವಳ ಗಂಡ ಕೆಂಪ ನಾಲ್ಕು ವರ್ಷದ ಹಿಂದೆ ಅದೇ ದಾರಿಯಲ್ಲಿ ಜೀವ ಬಿಟ್ಟ. ಅದಾದ ಮೇಲೆ ನಿಮ್ಮ ಫೋನು ಬಂತು. ಫೋನು ಬಂದ ಮೇಲೆ ಯಾರೂ ಹೋಗಿಲ್ಲ. ಅವಳ ಹತ್ತಿರ ಫೋನಿಲ್ಲ, ಬೆಳಿಗ್ಗೆ ಆರೂಕಾಲಿಗೆ ನನ್ನ ಬಾಗಿಲಿಗೆ ಬಂದು “ಫೋನ್ ಕೂಗ್ತಾ ಅಣ್ಣ?” ಎಂದು ಕೇಳಿ ಹೋಗುತ್ತಾಳೆ.

ಹೆಸರು ಯಾಕೆ ಬೇಕು ಅಂತ ದಯವಿಟ್ಟು ತಿಳಿಸಿ.

ಇಂತಿ,
ಮಾದೇವಸ್ವಾಮಿ

*

ಆನೆಕಣ್ಣು ಪ್ರೈವೇಟ್ ಲಿಮಿಟೆಡ್
ಗ್ರಾಹಕ ಸಂತೋಷ ವಿಭಾಗ, ಕೊಯಮತ್ತೂರು
24 ಜೂನ್ 2025

ಗೌರವಾನ್ವಿತ ಬಳಕೆದಾರರೇ,

ತಮ್ಮ ಪತ್ರ ಹಳೆಯ ವಿಳಾಸದಿಂದ ನಮಗೆ ತಲುಪಿದೆ. ‘ಒಸಿ ತಾಳಿ’ ಈಗ ‘ಆನೆಕಣ್ಣು’ ಕುಟುಂಬದ ಹೆಮ್ಮೆಯ ಸದಸ್ಯ ಎಂದು ತಿಳಿಸಲು ಸಂತೋಷಿಸುತ್ತೇವೆ. ತಮ್ಮ ಸಂಖ್ಯೆ, ತಮ್ಮ ಸೇವೆ ಯಾವುದೂ ಬದಲಾಗಿಲ್ಲ, ಇನ್ನಷ್ಟು ಉತ್ತಮವಾಗಿದೆ. ಹಿಂದೆ ಒಬ್ಬರೇ ಕುಳಿತು ಕರೆ ಕೇಳಬೇಕಿತ್ತು. ಈಗ ಯಂತ್ರವೇ ಕೇಳಿಸಿಕೊಂಡು ಹತ್ತು ಸೆಕೆಂಡಿನಲ್ಲಿ ಎಲ್ಲರಿಗೂ ಎಚ್ಚರಿಕೆ ಕಳಿಸುತ್ತದೆ. ಯಾವ ಪ್ರಾಣಿ ಎಂದು ತಿಳಿದರೆ ತಾನೇ ಎಂಥ ಎಚ್ಚರಿಕೆ ಎಂದು ನಿರ್ಧರಿಸಲು ಸಾಧ್ಯ? ಬೀಪ್ ಆದ ಕೂಡಲೇ ‘ಆನೆ’ ಎಂದು ಸ್ಪಷ್ಟವಾಗಿ ಹೇಳಿ, ನಂತರ ಸ್ಥಳ ತಿಳಿಸಿ. ಮೂರು ಬಾರಿ ಹೆಸರಿಲ್ಲದ ಕರೆ ಬಂದರೆ ಆ ಸಂಖ್ಯೆಯನ್ನು ಯಂತ್ರ ತಡೆಹಿಡಿಯುತ್ತದೆ, ಆಮೇಲೆ ಆ ಫೋನಿಗೆ ಎಚ್ಚರಿಕೆಯೂ ಬರುವುದಿಲ್ಲ. ಆದ್ದರಿಂದ ಊರಿನವರಿಗೆಲ್ಲ ಒಂದೆರಡು ದಿನ ಅಭ್ಯಾಸ ಮಾಡಿಸುವಿರೆಂದು ನಂಬಿದ್ದೇವೆ.

ತಮ್ಮ ವಿಶ್ವಾಸಿ,
ಸಂಗೀತ
ಗ್ರಾಹಕ ಸಂತೋಷ ಸಹಾಯಕಿ

(ಕೆಳಗೆ ಪೆನ್ನಿನಲ್ಲಿ) ಮಾದೇವಣ್ಣ, ಸ್ಟೂಲಿನ ನಾಲ್ಕನೇ ಕಾಲಿಗೆ ಅಭಿನಂದನೆ. ನನ್ನನ್ನು ಮಾರಿಲ್ಲ ಅಂತ ಅಜ್ಜಿಗೆ ಹೇಳಿ. ಇಲ್ಲಿ ಕೂತಿದ್ದೇನೆ, ಐದನೇ ಮಹಡಿಯಲ್ಲಿ. ಆಫೀಸಿನ ಫೋನೆಲ್ಲ ರೆಕಾರ್ಡ್ ಆಗುತ್ತೆ, ಅದಕ್ಕೇ ಕಾಗದ.

*

ಕಾಡುಕೆರೆ ಪಾಳ್ಯ
6 ಜುಲೈ 2025

ಸಂಗೀತಮ್ಮ,

ಗ್ರಾಹಕ ಸಂತೋಷ ವಿಭಾಗದ ಆಜ್ಞೆಯಂತೆ ಭಾನುವಾರ ಅಭ್ಯಾಸ ಶಿಬಿರ ನಡೆಸಲಾಯಿತು. ಸ್ಥಳ: ನನ್ನ ಅಂಗಡಿ. ಅಧ್ಯಕ್ಷತೆ: ಸ್ಟೂಲು. ಹಾಜರಿ: ಏಳು ಜನ ಮತ್ತು ಒಂದು ಕರು.

ಮೊದಲು ದೊಡ್ಡಮಾದಮ್ಮಜ್ಜಿ. ಏರಿಗೆ ಬಂದವರನ್ನು ಬೆಳಿಗ್ಗೆಯೇ ಕಂಡಿದ್ದರಿಂದ ಸುಳ್ಳು ಕರೆಯೂ ಅಲ್ಲ. ಬೀಪ್ ಆಯಿತು. ಅಜ್ಜಿ ಅಭ್ಯಾಸದಂತೆ “ಕೆರೆ ಏರಿ” ಅಂದಿತು. ನಿಮ್ಮ ದನಿ ಬಹಳ ವಿನಯದಿಂದ, “ಕ್ಷಮಿಸಿ, ಕೆರೆ ಏರಿ ಎಂಬ ಪ್ರಾಣಿ ನಮ್ಮ ಪಟ್ಟಿಯಲ್ಲಿಲ್ಲ” ಎಂದಿತು. ಅಜ್ಜಿ ಫೋನನ್ನು ದೂರ ಹಿಡಿದು ನೋಡಿ, “ಸಂಗೀತಗೆ ಉಸಾರಿಲ್ವೇನ್ಲಾ?” ಎಂದು ನನ್ನನ್ನು ಕೇಳಿತು.

ಈಗ ನಿಮಗೊಂದು ವಿಷಯ ಹೇಳಬೇಕು. ನಮ್ಮ ಕಡೆ ದೊಡ್ಡೋರ ಹೆಸರನ್ನು ಕಾಡಿಗೆ ಕೇಳಿಸುವಂತೆ ಹೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತಾರೆ ಅಂತ. ‘ದೊಡ್ಡೋರು’ ಅನ್ನುವುದೂ ತೀರಾ ಅಗತ್ಯ ಬಿದ್ದರೆ ಮಾತ್ರ. ಇಲ್ಲದಿದ್ದರೆ ಜಾಗ ಹೇಳುತ್ತೇವೆ, ಅರ್ಥವಾಗುತ್ತದೆ. ಕಾಡಿಗೆ ಕೇಳಿಸದ ಕಡೆ ಹೆಸರು ಹೇಳಬಹುದು, ದೋಷವಿಲ್ಲ. ಆದರೆ ನಮ್ಮ ಪಾಳ್ಯದಲ್ಲಿ ಕಾಡಿಗೆ ಕೇಳಿಸದ ಜಾಗ ಯಾವುದೆಂದು ನಾವು ಇನ್ನೂ ಹುಡುಕುತ್ತಿದ್ದೇವೆ. ಹೊಸ ಕಂಪನಿಯ ಹೆಸರಲ್ಲೇ ಆ ಪದ ಇರುವುದರಿಂದ ಊರಿನಲ್ಲಿ ಕಂಪನಿಯ ಹೆಸರನ್ನೂ ಯಾರೂ ಹೇಳುತ್ತಿಲ್ಲ.

ಮುರುಗನ್ ಒಂದು ಉಪಾಯ ಸೂಚಿಸಿದ. ಕನ್ನಡದಲ್ಲಿ ಬೇಡ, ತಮಿಳಿನಲ್ಲಿ ಹೇಳಿ, ಯಂತ್ರಕ್ಕೆ ಎರಡೂ ಬರುತ್ತದೆ ಎಂದ. ಸಭೆ ತಲೆದೂಗುವಷ್ಟರಲ್ಲಿ ಅಜ್ಜಿ ತಡೆಯಿತು:

“ಅವ್ರಿಗೆ ತಮಿಳು ಬರಕ್ಕಿಲ್ವಾ? ಉಟ್ಟಿದಾಗ್ನಿಂದ ಪಾರೆಸ್ಟ್ ಇಲಾಖೆಯೋರ ಜೊತ್ಗೇ ಅವ್ರೆ.”

ಇಂಗ್ಲಿಷಿನಲ್ಲಿ ಹೇಳೋಣವೆಂದು ಒಬ್ಬ ಬಾಯಿ ತೆರೆದ, ಅರ್ಧಕ್ಕೆ ನಿಲ್ಲಿಸಿ ಕೆರೆ ಕಡೆ ತಿರುಗಿ ನೋಡಿದ. ಯಾರು ಎಷ್ಟು ಓದಿದ್ದಾರೋ ಹೇಗೆ ಗೊತ್ತು.

ಕೊನೆಗೆ ಊರು ಒಂದು ತೀರ್ಮಾನಕ್ಕೆ ಬಂದಿದೆ. ಎಂದಿನ ಹಾಗೆ ಫೋನು ಮಾಡಿ ಜಾಗ ಹೇಳುವುದು. ನಮ್ಮ ಸಂಗೀತ ಒಳಗೆಲ್ಲೋ ಇದ್ದಾಳಲ್ಲ, ಅವಳಿಗೆ ತಿಳಿಯುತ್ತದೆ ಎಂದು.

ನಾನು ಇದನ್ನೆಲ್ಲ ನಂಬುವವನಲ್ಲ, ಬಿಡಿ. ಹತ್ತನೇ ಕ್ಲಾಸು ಎರಡು ಸಲ ಬರೆದವನು. ಊರಿನವರ ಪರವಾಗಿ ಬರೆಯುತ್ತಿದ್ದೇನೆ ಅಷ್ಟೆ.

ಇಂತಿ,
ಮಾದೇವಸ್ವಾಮಿ

*

(ಅಂಚೆ ಕಾರ್ಡು)

2 ಆಗಸ್ಟ್ 2025

ಸಂಗೀತಮ್ಮ, ಉತ್ತರವಿಲ್ಲ. ಊರಿನಲ್ಲಿ ಐದು ಫೋನುಗಳನ್ನು ಯಂತ್ರ ತಡೆಹಿಡಿದಿದೆ, ಅಜ್ಜಿಯದೂ ಸೇರಿ. ನನ್ನದು ಇನ್ನೂ ಉಸಿರಾಡುತ್ತಿದೆ. ಬೆಳಗಿನ ಹೊತ್ತು ಫೋನು ಕೂಗಿ ಒಂದು ತಿಂಗಳಾಯಿತು. ದೊಡ್ಡೋರು ಬರುವುದನ್ನೇನೂ ನಿಲ್ಲಿಸಿಲ್ಲ. ರಂಗಿ ದಿನವೂ ಕೇಳುತ್ತಾಳೆ, ದಿನವೂ ಹೋಗುತ್ತಾಳೆ. ಬಿಡುವಿದ್ದ ದಿನ ತಟ್ಟೆ ಬಡಿದುಕೊಂಡು ಏರಿಯವರೆಗೆ ಜೊತೆ ಹೋಗುತ್ತೇನೆ. ತಟ್ಟೆ ನೆಗ್ಗಿದೆ. ಮಾ.

*

ಆನೆಕಣ್ಣು ಪ್ರೈವೇಟ್ ಲಿಮಿಟೆಡ್, ಕೊಯಮತ್ತೂರು
4 ಆಗಸ್ಟ್ 2025

ಮಾದೇವಣ್ಣ,

ತಡವಾಯಿತು, ಬೈಯಬೇಡಿ. ಜುಲೈ ಪೂರ್ತಿ ತರಬೇತಿ ಅಂತ ಓಡಾಡಿಸಿದರು. ನಿಮ್ಮ ಜುಲೈ ಕಾಗದ ಮೇಜಿನ ಮೇಲಿತ್ತು, ನಕ್ಕುಬಿಟ್ಟೆ. ಅಜ್ಜಿಯ ತಮಿಳಿನ ಮಾತನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ, ಬಹಳ ಮೆಚ್ಚಿಕೊಂಡರು. ಹಳೆಯ ನಂಬಿಕೆಗಳು ಹೊಸ ಯಂತ್ರಕ್ಕೆ ಹೊಂದಿಕೊಳ್ಳಲು ಒಂದಿಷ್ಟು ದಿನ ಬೇಕು. ಹೊಂದಿಕೊಂಡಿವೆ ಅಂತ ಕಾಣುತ್ತೆ.

ಯಾಕೆಂದರೆ ಖುಷಿಯ ಸುದ್ದಿ ಇದೆ. ಜೀರಹಳ್ಳಿ ವಲಯದ ವರದಿ ಬಂತು. ಹಂದಿ ಹದಿನೇಳು, ಚಿರತೆ ಒಂದು, ಮೊಲ ಒಂದು (ಮೊಲ ಯಾರು ಹೇಳಿದ್ದು?). ಆನೆ ಸೊನ್ನೆ! ಎರಡು ತಿಂಗಳಲ್ಲಿ ಒಂದೂ ಇಲ್ಲ. ನನ್ನ ಹೆಸರಿನಲ್ಲಿರುವ ವಲಯ ಅದು, ಮೀಟಿಂಗಿನಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ನಿಮ್ಮ ಊರಿಗೆ ‘ಸಂಘರ್ಷಮುಕ್ತ ಗ್ರಾಮ’ ಎಂಬ ಪ್ರಮಾಣಪತ್ರ ಇದರ ಜೊತೆ ಇಟ್ಟಿದ್ದೇನೆ, ಚೌಕಟ್ಟು ಹಾಕಿಸಿ.

ಅಲ್ಲಿ ಅಗತ್ಯ ಇಲ್ಲದ್ದರಿಂದ ಸೆಪ್ಟೆಂಬರ್ 15ರಿಂದ ಸೇವೆಯನ್ನು ಬೇರೆ ವಲಯಕ್ಕೆ ಒಯ್ಯುತ್ತಾರೆ. ಬೇಜಾರು ಬೇಡ, ಇದು ಒಳ್ಳೆಯ ಕಾರಣಕ್ಕೆ ಹೋಗುವುದು. ರಂಗಕ್ಕನಿಗೆ ಹೇಳಿ, ಇನ್ನು ಫೋನು ಕೂಗುವುದನ್ನು ಕಾಯಬೇಕಿಲ್ಲ.

ಸಂಗೀತ

*

ಕಾಡುಕೆರೆ ಪಾಳ್ಯ
20 ಆಗಸ್ಟ್ 2025

ಸಂಗೀತಮ್ಮ,

ಪ್ರಮಾಣಪತ್ರ ತಲುಪಿತು. ಕಾಗದ ಒಳ್ಳೆಯ ಗಟ್ಟಿ ಇದೆ. ಕಾಲರಿನ ಅಳತೆ ಕತ್ತರಿಸಲು ಬಳಸಿಕೊಳ್ಳುತ್ತಿದ್ದೇನೆ. ಮೊಲ ಹೇಳಿದ್ದು ಮುರುಗನ್. ಯಂತ್ರಕ್ಕೆ ಏನಾದರೂ ಒಂದು ಹೇಳಿ ಸಮಾಧಾನಪಡಿಸೋಣ ಅಂತ.

ಇದರ ಮೇಲೆ ತಮಾಷೆ ಬರೆಯಲು ಕೂತೆ. ಆಗಲಿಲ್ಲ. ಆದದ್ದನ್ನು ಬರೆಯುತ್ತೇನೆ.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ದೊಡ್ಡಮಾದಮ್ಮಜ್ಜಿ ಕೆರೆಯ ಆಚೆ ದಡದಲ್ಲಿ ದನ ಬಿಟ್ಟುಕೊಂಡಿತ್ತು. ಏರಿಯ ತಿರುವಿನಲ್ಲಿ ಮೂವರು ನಿಂತದ್ದು ಕಂಡಿತಂತೆ. ಫೋನು ಮಾಡಿತು. ತಡೆಹಿಡಿದ ಫೋನು ಅಂತ ಅಜ್ಜಿಗೆ ಗೊತ್ತು, ಆದರೂ ಮಾಡಿತು. ಇತ್ತ ಆರೂಕಾಲಿಗೆ ರಂಗಿ ನನ್ನ ಬಾಗಿಲಿಗೆ ಬಂದು “ಫೋನ್ ಕೂಗ್ತಾ ಅಣ್ಣ?” ಎಂದು ಕೇಳಿದಳು. ಸ್ವಾತಂತ್ರ್ಯ ದಿನದ ಯೂನಿಫಾರಂ ಹನ್ನೆರಡು ಜೊತೆ ಬಾಕಿ ಇತ್ತು, ನಾನು ಮಿಷನ್ನಿನಿಂದ ತಲೆ ಎತ್ತಲಿಲ್ಲ. “ಇಲ್ಲ ಕಣವ್ವ, ವೋಗು” ಅಂದೆ.

ಐದು ನಿಮಿಷಕ್ಕೆ ಬಿದಿರು ಮುರಿದ ಸದ್ದು ಕೇಳಿಸಿತು. ಗಾಳಿ ಮುರಿದದ್ದಲ್ಲ. ಫೋನು ತೆಗೆದುಕೊಂಡೆ. ರಂಗಿಯ ಹಿಂದೆಯೇ ಹಾಲಿನವರೂ ಹೊರಡುವ ಹೊತ್ತು. ಎಲ್ಲರ ಫೋನೂ ಕೂಗಲಿ ಅಂತ. ನಿಮ್ಮ ದನಿ ಹೆಸರು ಕೇಳಿತು. ಬೀಪ್ ಆಯಿತು.

ನಾನು ಹೇಳಲಿಲ್ಲ ಸಂಗೀತಮ್ಮ. ಎರಡು ಸಲ ಹತ್ತನೇ ಕ್ಲಾಸು ಬರೆದವನು, ಊರಿನ ಪರವಾಗಿ ಮಾತ್ರ ಬರೆಯುವವನು, ಫೋನು ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದೆ. ಯಂತ್ರ ವಂದನೆ ಹೇಳತೊಡಗಿತು. ನಾನು ಓಡಿದೆ.

ರಂಗಿ ತಿರುವಿನ ಹುಣಸೆ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಕಂಕುಳಲ್ಲಿ ನುಗ್ಗೆ ಸೊಪ್ಪಿನ ಕಟ್ಟು ಹಾಗೇ ಇತ್ತು. ಅವರು ಅವಳನ್ನು ದಾಟಿಕೊಂಡು ಹೋಗಿದ್ದರು, ಕೊನೆಯವರು ನಿಂತು ಆ ಸೊಪ್ಪಿನ ಕಡೆ ಒಂದಿಷ್ಟು ಹೊತ್ತು ನೋಡಿದರಂತೆ. ಮುಕ್ಕಾಲು ಗಂಟೆ ಅವಳು ಆ ಮರ ಬಿಟ್ಟು ಕದಲಲಿಲ್ಲ. ಅಂದು ಶಾಲೆಯಲ್ಲಿ ಊಟ ತಡವಾಯಿತು. ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ನನ್ನನ್ನು ಕೇಳಿದ್ದು ಒಂದೇ ಮಾತು: “ನಿನ್ ಫೋನ್ಗೂ ಬರ್ನಿಲ್ವಾ ಅಣ್ಣ?” ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ ಇದೆ. ಯಾರಿಗೂ ಹೇಳಿಲ್ಲ.

ಕೆಂಪ ಹೋದ ದಿನ. ಆಗ ನಿಮ್ಮ ಫೋನು ಇರಲಿಲ್ಲ. ನನ್ನ ಅಂಗಡಿ ಮುಂದೆ ಹಾದುಹೋಗುವವರನ್ನು ಹೆದರಿಸುವುದು ನನ್ನ ದಿನದ ತಮಾಷೆ. ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದೆ. ಊರಿನಲ್ಲಿ ಅದನ್ನು ಕೂಗುತ್ತಿದ್ದವನು ನಾನೊಬ್ಬನೇ. ಜನ ಬೆಚ್ಚುತ್ತಿದ್ದರು, ಬೈಯುತ್ತಿದ್ದರು, ನಾನು ನಗುತ್ತಿದ್ದೆ. ಅವತ್ತು ಮುಂಜಾನೆ ನಾನು ನಿಜವಾಗಿಯೂ ನೋಡಿದ್ದೆ, ಏರಿಯ ಮೇಲೆ. ಕೆಂಪ ಬರುತ್ತಿದ್ದ. ಕೂಗಿದೆ. ಅವನು ನಗುತ್ತಾ, “ನಿನ್ ಬಾಯ್ಗೆ ಒಂದ್ ಒಲ್ಗೆ ಆಕ್ಕೊ ಬಾವ” ಎಂದು ಹೇಳಿ ನಡೆದೇಬಿಟ್ಟ.

ಹೊಲಿಗೆ ಹಾಕಿಕೊಂಡೆ. ಅವತ್ತಿನಿಂದ ಹಾಕಿಕೊಂಡಿದ್ದೇನೆ. ಕರೆದರೆ ಬರುತ್ತಾರೆ ಅಂತಲ್ಲ. ನಾನು ಹೇಳಿದರೆ ಯಾರೂ ನಂಬುವುದಿಲ್ಲ ಅಂತ.

ಸೇವೆ ಒಯ್ಯುವುದಾದರೆ ಒಯ್ಯಿರಿ. ಸೊನ್ನೆ ಅಂತ ಮಾತ್ರ ಬರೆಯಬೇಡಿ.

ಮಾದೇವಸ್ವಾಮಿ

*

ಕೊಯಮತ್ತೂರು
28 ಆಗಸ್ಟ್ 2025

ಮಾದೇವಣ್ಣ,

ಮೂರು ಸಲ ಬರೆದು ಹರಿದೆ. ಇದನ್ನು ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಆಫೀಸಿನ ಕಾಗದದಲ್ಲಿ ಅಲ್ಲ.

ನಿಮ್ಮ ಕಾರ್ಡು ನನ್ನ ಕಾಗದ ಪೋಸ್ಟ್ ಮಾಡಿದ ಮಾರನೇ ದಿನ ಬಂತು. ಓದಿದೆ. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಮತ್ತೊಂದು ಕಾಗದ ಹಾಕಬಹುದಿತ್ತು, ಹಾಕಲಿಲ್ಲ. ಇಲ್ಲಿ ನನ್ನನ್ನು ಆರು ತಿಂಗಳ ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದಾರೆ. ಗಿರಣಿಯ ಮಹಡಿಯ ನಾಲ್ಕು ಜನರಲ್ಲಿ ಉಳಿದಿರುವವಳು ನಾನೊಬ್ಬಳೇ.

ಹೆಸರು ಹೇಳಿ ಎಂಬ ಆ ಪ್ರಶ್ನೆ ಬಂದದ್ದು ನನ್ನಿಂದಲೇ ಅಣ್ಣ. ಕಂಪನಿ ಕೊಂಡ ವಾರ, ನಿಮ್ಮ ಬಳಕೆದಾರರು ಹೇಗೆ ಮಾತಾಡುತ್ತಾರೆ ಬರೆದುಕೊಡಿ ಅಂದರು. “ಅವರು ಜಾಗ ಮಾತ್ರ ಹೇಳುತ್ತಾರೆ, ಪೂರ್ತಿ ಮಾಹಿತಿ ಕೊಡಲು ತಿಳಿಯದು, ಕಲಿಸಬೇಕು” ಎಂದು ಬರೆದುಕೊಟ್ಟೆ. ಮೂರು ವರ್ಷ ನಾನು ‘ಬಂದಿರುವುದು ಯಾರು’ ಅಂತ ಕೇಳಲಿಲ್ಲ, ನಿಜ. ಗೌರವಕ್ಕಲ್ಲ. ಲೈನು ಯಾವಾಗ ಬೇಕಾದರೂ ಕಟ್ಟಾಗುತ್ತಿತ್ತು, ಅದಕ್ಕೆ ಮುಖ್ಯವಾದದ್ದನ್ನು ಮೊದಲು ಕೇಳುತ್ತಿದ್ದೆ. ನೀವೆಲ್ಲ ಅದನ್ನು ನನ್ನ ಒಳ್ಳೆಯತನ ಅಂದುಕೊಂಡಿರಿ.

ನಿಮ್ಮ ಕಾಗದ ಬಂದ ದಿನ ‘ಹೆಸರಿಲ್ಲದ ಕರೆಗಳು’ ಎಂಬ ಡಬ್ಬಿ ತೆರೆದೆ. ಯಾರೂ ತೆರೆಯುವುದಿಲ್ಲ ಅದನ್ನು. ತಡೆಹಿಡಿದ ಫೋನುಗಳ ಕರೆಯೂ ಅದರಲ್ಲೇ ಬೀಳುತ್ತದೆ. ಜೀರಹಳ್ಳಿ ವಲಯದ್ದೇ ಇನ್ನೂರ ಹನ್ನೆರಡು. ಕೂತು ಎಲ್ಲಾ ಕೇಳಿದೆ. “ಕೆರೆ ಏರಿ.” “ಬಿದಿರು ಮೆಳೆ.” “ಕೆರೆ ಏರಿ ಕಣವ್ವ, ಸಂಗೀತ.” ಅಜ್ಜಿಯ ಕೆಮ್ಮು, ದನದ ಗಂಟೆ. ಆಮೇಲೆ ಆಮೇಲೆ ಜಾಗವೂ ಇಲ್ಲ, ಉಸಿರು ಮಾತ್ರ. ಹದಿನಾಲ್ಕನೇ ತಾರೀಖು ಆರು ಇಪ್ಪತ್ತೆರಡಕ್ಕೆ ಒಂದಿದೆ. ಹೊಲಿಗೆ ಮಿಷನ್ನು ನಿಲ್ಲುವ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಸ್ಟೂಲು ಬಿದ್ದ ಸದ್ದು.

ಮೇಲಿನವರ ಬಳಿ ಹೋದೆ. ಇವೆಲ್ಲ ಆನೆಗಳು ಎಂದೆ. ಇದರಲ್ಲಿ ಒಂದರಲ್ಲೂ ಆನೆ ಎಂಬ ಪದ ಇಲ್ಲವಲ್ಲ ಎಂದರು. ಅವರು ಕೆಟ್ಟವರಲ್ಲ, ಲೆಕ್ಕ ಹಾಗಿದೆ. ಹದಿನೈದರೊಳಗೆ ನೋಂದಾಯಿತ ಫೋನಿನಿಂದ ಒಂದೇ ಒಂದು ಸ್ಪಷ್ಟ ಕರೆ, ಹೆಸರು ಮತ್ತು ಜಾಗ, ಅದೂ ನಿಜವಾಗಿ ಕಂಡಾಗ, ಬಂದರೆ, ಉಳಿದ ಇನ್ನೂರ ಹನ್ನೆರಡನ್ನೂ ಅದರ ಜೊತೆ ಇಟ್ಟು ಮತ್ತೆ ನೋಡುತ್ತಾರಂತೆ. ಬರದಿದ್ದರೆ ಸೊನ್ನೆಯೇ ನಿಲ್ಲುತ್ತದೆ. ನಿಮ್ಮ ಫೋನು ಇನ್ನೂ ತಡೆಯಾಗಿಲ್ಲ. ಎರಡು ಕರೆ ಖರ್ಚಾಗಿದೆ, ಒಂದು ಉಳಿದಿದೆ.

ನೀವು ಹೇಳಲೇಬೇಕು ಅಂತ ಬರೆಯಲು ನನಗೆ ಬಾಯಿಲ್ಲ. ನಿಮ್ಮ ಕಾಗದಗಳನ್ನು ಜೋಡಿಸಿಕೊಂಡು ಓದಿದೆ. ಒಂದರಲ್ಲೂ ನೀವು ಆ ಪದ ಬರೆದಿಲ್ಲ. ನಾನು ಮಾತ್ರ ಪ್ರತಿ ಕಾಗದದಲ್ಲೂ ಬರೆದಿದ್ದೇನೆ, ಮೇಲೆ ಅಚ್ಚು ಹಾಕಿಸಿಕೊಂಡು.

ಸಂಗೀತ

*

ಕಾಡುಕೆರೆ ಪಾಳ್ಯ
11 ಸೆಪ್ಟೆಂಬರ್ 2025

ಸಂಗೀತಮ್ಮ,

ನಿಮ್ಮ ಕಾಗದವನ್ನು ರಂಗಿಗೆ ಓದಿ ಹೇಳಿದೆ. ಓದುವ ಮುಂಚೆ ನನ್ನ ವಿಷಯವನ್ನೂ ಹೇಳಿದೆ, ಕೆಂಪ ಹೋದ ಬೆಳಗಿನದು. ನಾಲ್ಕು ವರ್ಷ ಇಟ್ಟುಕೊಂಡಿದ್ದನ್ನು ಹೇಳಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಡಬ್ಬಿಯಿಂದ ಗುಂಡಿಗಳನ್ನು ತೆಗೆದು ತೆಗೆದು ಬಣ್ಣ ಬೇರೆ ಮಾಡುತ್ತಿದ್ದಳು, ಯಾರೂ ಹೇಳಿರಲಿಲ್ಲ.

“ಗೊತ್ತು ಕಣಣ್ಣ,” ಅಂದಳು. “ಜಗ್ಲಿ ಮ್ಯಾಗೆ ನಾನೂವೆ ಕುಂತಿದ್ದೆ. ನೀನು ಕೂಗ್ದೆ, ಅವ್ರು ನಕ್ರು. ನಾನೂವೆ ನಕ್ಬುಟ್ಟೆ.”

ಇಬ್ಬರೂ ಆಮೇಲೆ ಗುಂಡಿ ಬೇರೆ ಮಾಡಿದೆವು.

ಸರಿ, ಹೇಳುವುದೆಂದು ತೀರ್ಮಾನವಾಯಿತು. ಇನ್ನು ದೊಡ್ಡೋರು ಬರಬೇಕಷ್ಟೆ. ಪಾಳ್ಯದ ಚರಿತ್ರೆಯಲ್ಲೇ ಮೊದಲ ಬಾರಿಗೆ ಊರು ಅವರ ದಾರಿ ಕಾಯಿತು. ಮತ್ತು ಚರಿತ್ರೆಯಲ್ಲೇ ಮೊದಲ ಬಾರಿಗೆ ಅವರು ಒಂಬತ್ತು ದಿನ ಬರಲಿಲ್ಲ. ಕರೆಯದೆ ಬರುವ ನೆಂಟರು, ಅಡುಗೆ ಮಾಡಿಟ್ಟ ದಿನ ಬರುವುದಿಲ್ಲ. ಸುಳ್ಳಿಗೆ ಒಂದು ಕರೆ ಮಾಡು, ಯಂತ್ರಕ್ಕೇನು ಕಣ್ಣಿದೆಯೇ ಎಂದು ಮುರುಗನ್ ಅಂದ. ನಾನು ಒಪ್ಪಲಿಲ್ಲ. ಸುಳ್ಳಿಗೆ ಕೂಗುವ ಕೆಲಸ ನಾನು ಒಮ್ಮೆ ಮಾಡಿ ಮುಗಿಸಿದ್ದೇನೆ. ದೊಡ್ಡಮಾದಮ್ಮಜ್ಜಿಗೆ ಮಾತ್ರ ಈ ಯೋಜನೆಯೇ ಹಿಡಿಸಿರಲಿಲ್ಲ. ಹೆಸರು ಹೇಳಿದ ದಿನ ಹರಕೆ ಕಾಯಿ ಒಡೆಯಬೇಕು, ಕಾಯಿ ನನ್ನದೇ ಖರ್ಚು ಎಂದು ಮೊದಲೇ ಷರತ್ತು ಹಾಕಿತು.

ನಿನ್ನೆ ಬೆಳಿಗ್ಗೆ ಆರು ದಾಟಿ ಐದು ನಿಮಿಷಕ್ಕೆ ಬಂದರು. ಇಬ್ಬರು, ಏರಿಯ ಮೇಲೆ, ನೀರಿಗೆ ಬೆನ್ನು ಹಾಕಿ. ನನ್ನ ಬಾಗಿಲಿಗೇ ಕಾಣುತ್ತಿತ್ತು. ಫೋನು ಮಾಡಿದೆ. ರಂಗಿ ಬಂದು ಹೊಸ್ತಿಲ ಮೇಲೆ ನಿಂತಳು. ನಿಮ್ಮ ದನಿ ಕೇಳಿತು. ಬೀಪ್ ಆಯಿತು. ನಾನು ರಂಗಿಯ ಕಡೆ ನೋಡಿದೆ.

“ಯೋಳ್ಬುಡಣ್ಣ,” ಅಂದಳು. “ಈ ಕಿತ ನಗಾಕಿಲ್ಲ ನಾನು.”

ಹೇಳಿದೆ. ನೀವು ಆ ಕರೆ ಕೇಳಿಯೇ ಇರುತ್ತೀರಿ. ಆದರೂ ಇಲ್ಲಿ ಬರೆಯುತ್ತೇನೆ, ಬರೆದದ್ದೂ ಒಂದು ಇರಲಿ: “ಆನೆ. ಕೆರೆ ಏರಿ. ತಮಾಷೆ ಅಲ್ಲ.”

ಊರಿನಲ್ಲಿ ಉಳಿದಿದ್ದ ಫೋನುಗಳು ಕೂಗಿದವು. ಬಹಳ ಇಲ್ಲ, ಮೂರು. ಮೂರೂ ಕೇಳಿಸಿದವು. ಹಾಲಿನವರು ನಿಂತರು. ರಂಗಿ ಸ್ಟೂಲಿನ ಮೇಲೆ ಕೂತಳು. ಅವರು ಅರ್ಧ ಗಂಟೆ ನಮ್ಮ ಕಡೆ ತಿರುಗಿಯೂ ನೋಡದೆ ಹುಲ್ಲು ಮೇಯ್ದು ಮೇಲಕ್ಕೆ ಹತ್ತಿಹೋದರು. ಹೆಸರು ಹಿಡಿದು ಕರೆದದ್ದಕ್ಕೆ ಅವರಿಗೇನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಅಜ್ಜಿಗೆ ಅನ್ನಿಸಿದೆ. ಕಾಯಿ ಒಡೆದಾದ ಮೇಲೂ ನನ್ನ ಹತ್ತಿರ ಮಾತಾಡುತ್ತಿಲ್ಲ.

ಮಾದೇವಸ್ವಾಮಿ

*

ಕೊಯಮತ್ತೂರು
19 ಸೆಪ್ಟೆಂಬರ್ 2025

ಮಾದೇವಣ್ಣ,

ಕೇಳಿದೆ. ಮೀಟಿಂಗಿನಲ್ಲಿ ಎಲ್ಲರಿಗೂ ಕೇಳಿಸಿದೆ. ಮೊದಲು ಇನ್ನೂರ ಹನ್ನೆರಡರಲ್ಲಿ ಮೂವತ್ತು ಆರಿಸಿ ಹಾಕಿದೆ, ಆಮೇಲೆ ನಿಮ್ಮದು. ‘ತಮಾಷೆ ಅಲ್ಲ’ ಅನ್ನುವುದನ್ನು ಎರಡನೇ ಸಲ ಹಾಕಿಸಿ ಕೇಳಿದರು. ಅದು ಯಂತ್ರದ ಪಟ್ಟಿಯಲ್ಲಿರುವ ಮಾತಲ್ಲ.

ಸೇವೆ ಮಾರ್ಚಿನವರೆಗೆ ಇರುತ್ತದೆ. ಆಮೇಲಿನದು ಆಮೇಲೆ. ತಡೆಹಿಡಿದ ಫೋನುಗಳನ್ನು ಬಿಟ್ಟಿದ್ದಾರೆ. ನಿಮ್ಮ ವಲಯಕ್ಕೆ ಮಾತ್ರ ಪ್ರಶ್ನೆ ಬದಲಾಯಿಸಲು ಒಪ್ಪಿದರು, ನಿನ್ನೆ ಹೊಸದಾಗಿ ದನಿ ಕೊಟ್ಟೆ. ಒಂದೇ ಮಾತು. ಇಪ್ಪತ್ತು ಸಲ ಹೇಳಿಸಿದರು.

ನನ್ನನ್ನು ಕೆಲಸದಲ್ಲಿ ಮುಂದುವರಿಸುತ್ತಿಲ್ಲವಂತೆ. ಸೊನ್ನೆಗೆ ಚಪ್ಪಾಳೆ ತಟ್ಟಿಸಿಕೊಂಡವಳು ತಾನೇ ಎದ್ದು ಅದು ಸೊನ್ನೆಯಲ್ಲ ಅಂದರೆ ಹೀಗೇ ಆಗುವುದು. ತಿಂಗಳ ಕೊನೆಗೆ ಚಾಮರಾಜನಗರಕ್ಕೆ ಬರುತ್ತೇನೆ. ಗಿರಣಿಯ ಮಹಡಿ ಇನ್ನೂ ಖಾಲಿ ಇದೆಯಂತೆ. ದನಿ ಇಲ್ಲೇ ಇರುತ್ತದೆ, ಅದು ಅವರದು.

ಸಂಗೀತ

*

ಕಾಡುಕೆರೆ ಪಾಳ್ಯ
27 ಸೆಪ್ಟೆಂಬರ್ 2025

ಸಂಗೀತಮ್ಮ,

ಈ ಕಾಗದ ಗಿರಣಿಯ ವಿಳಾಸಕ್ಕೇ ಹಾಕುತ್ತಿದ್ದೇನೆ, ನಿಮಗಿಂತ ಮುಂಚೆ ಅದು ತಲುಪಿರಲಿ.

ಗುರುವಾರ ಬೆಳಿಗ್ಗೆ ಅಜ್ಜಿ ಆಚೆ ದಡದಿಂದ ಫೋನು ಮಾಡಿತು. ನೀವು “ಎಲ್ಲಿ?” ಎಂದಿರಿ. ಅಜ್ಜಿ “ಬಿದಿರು ಮೆಳೆ” ಅಂದಿತು. ಊರಿನ ಫೋನುಗಳೆಲ್ಲ ಕೂಗಿದವು. ಆಮೇಲೆ ಅಜ್ಜಿ ದನ ಬಿಟ್ಟು ನನ್ನ ಅಂಗಡಿಗೇ ನಡೆದುಬಂದು, ಹದಿನೈದು ದಿನದ ಮೌನ ಮುರಿದು ಹೇಳಿತು: “ಉಡುಗಿ ವಾಪಸ್ ಬಂದವ್ಳೆ ಕಣ್ಲಾ.”

ಅದು ಅವರ ಯಂತ್ರ, ನೀವು ಅಲ್ಲಿಲ್ಲ ಎಂದು ನಾನು ಹೇಳಲಿಲ್ಲ. ನಿಜವನ್ನು ಎಷ್ಟು ಸಲ ಹೇಳುವುದು, ಒಂದು ತಿಂಗಳಿಗೆ ಒಂದು ಸಾಕು. ನೀವೇ ಒಂದು ದಿನ ಬಂದು ಹೇಳಿ. ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದು ತಾಳವಾಡಿಯಲ್ಲಿ ಇಳಿಯಿರಿ, ಮುರುಗನ್ ಕರೆತರುತ್ತಾನೆ. ಊಟ ರಂಗಿಯ ಮನೆಯಲ್ಲಿ.

ರಂಗಿ ಈಗ ಬಾಗಿಲಲ್ಲಿ ನಿಂತು ಕೇಳಿ ಹೋಗುವುದಿಲ್ಲ. ಆರು ಗಂಟೆಗೇ ಬಂದು ಸ್ಟೂಲಿನ ಮೇಲೆ ಕಾಲು ಗಂಟೆ ಕೂತು, ಫೋನು ಕೂಗದಿದ್ದರೆ ಆಮೇಲೆ ಹೊರಡುತ್ತಾಳೆ. ಕೂತಲ್ಲಿ ಸುಮ್ಮನಿರುವವಳಲ್ಲ, ಅತ್ತಿತ್ತ ವಾಲುತ್ತಾಳೆ. ನಾಲ್ಕನೇ ಕಾಲು ಬಂದಾಗಿನಿಂದ ಈ ಸ್ಟೂಲು ಸಿಮೆಂಟಿನ ಮೇಲೆ ಕಿರ್ರನೆ ಅರಚುತ್ತದೆ, ಫೋನಿನ ಮೊದಲ ಕೂಗು ಕೇಳಿಸುವುದಿಲ್ಲ.

ಅದಕ್ಕೇ ಒಂದು ಸಣ್ಣ ಉಪಕಾರ. ಬರುವಾಗ ಸ್ಟೂಲಿನ ಕಾಲಿಗೆ ಹಾಕುವ ರಬ್ಬರ್ ಬುಡ ನಾಲ್ಕು ತನ್ನಿ. ಕಾಲಿನ ಸುತ್ತಳತೆ ನಾಲ್ಕೂವರೆ ಇಂಚು, ನಾಲ್ಕೂ ಒಂದೇ ಅಳತೆ. ಟೇಪು ಹಿಡಿದೇ ಬರೆದಿದ್ದೇನೆ.

ಇಂತಿ,
ಮಾದೇವಸ್ವಾಮಿ